ಮುಧೋಳದ ಬೇಟೆನಾಯಿಯೂ ಶರಣರ ದಯೆಯೂ

ವಚನವಾಙ್ಮಯದಲ್ಲಿ ನಾಯಿಯ ಪ್ರಸ್ತಾಪವು ಬಹುಮಟ್ಟಿಗೆ ದೃಷ್ಟಾಂತರೂಪದ್ದು. ಅಂದಣವೇರಿಸಿದರೂ ಹಳೆಯ ಸ್ವಭಾವ ಬಿಡದ ಸೊಣಗನಿಗೆ ಬಸವಣ್ಣನವರು ವಿಷಯಗಳತ್ತ ಹರಿಯುವ ತಮ್ಮ ಮನಸ್ಸನ್ನೇ ಹೋಲಿಸಿಕೊಂಡರು. ಅಲ್ಲಿನ ನಿಂದೆ ಸಲ್ಲುವುದು ಮನಸ್ಸಿಗೆ, ಪ್ರಾಣಿಗಲ್ಲ. ಪ್ರಾಣಿಯನ್ನು ಪ್ರಾಣಿಯೆಂದೇ ಕಂಡಾಗ ಅವರ ನಿಲುವು ಬೇರೆ. ಯಜ್ಞಕ್ಕೆ ಬಲಿಯಾಗುವ ಹೋತನ್ನು ನೇರವಾಗಿ ಸಂಬೋಧಿಸಿ, ಅದರ ಅಳಲಿಗೂ ದೇವರ ನ್ಯಾಯವುಂಟೆಂದು ಸಾರಿದವರು ಅವರು. ಕೊಲ್ಲಬಾರದೆಂಬುದು ಇದರಿಂದ ಸ್ಪಷ್ಟವಾಯಿತು. ಆದರೆ ಸಾಕಿದ ಪ್ರಾಣಿಗೆ ಸಾಕಿದವನು ಸಲ್ಲಿಸಬೇಕಾದ ಋಣವೇನು? ಈ ಪ್ರಶ್ನೆಗೆ ಮುಧೋಳದ ನಾಯಿಯ ಇತಿಹಾಸವು ಸಮೀಪದ ನಿದರ್ಶನವಾಗಿದೆ.

ನೀಳವಾದ ಮುಖ, ಆಳವಾದ ಎದೆ, ಒಳಸೇರಿದ ಹೊಟ್ಟೆಯುಳ್ಳ ಈ ತಳಿಯು ವಾಸನೆಗಿಂತ ನೋಟವನ್ನು ನಂಬಿ, ಓಡಿ ಬೇಟೆಯಾಡುವಂಥದು. ಬೇಟೆಗಾರರ ಸಂಗಡಿಗನಾಗಿದ್ದ ಇದಕ್ಕೆ ರಾಜಾಶ್ರಯವಿತ್ತವರು ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆಯವರು. ಅವರು 1910ರಿಂದ 1936ರವರೆಗೆ ಆಳಿದ ಐದನೆಯ ಜಾರ್ಜ್ ದೊರೆಗೆ ಈ ತಳಿಯ ಮರಿಗಳನ್ನು ಕಾಣಿಕೆಯಿತ್ತರೆಂಬ ಮಾತು ಪ್ರಸಿದ್ಧವಾಗಿದೆ. 1948ರಲ್ಲಿ ಸಂಸ್ಥಾನವು ವಿಲೀನವಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ ಬೇಟೆಯೂ ನಿಷಿದ್ಧವಾಯಿತು. ಆಶ್ರಯವೂ ಕಸುಬೂ ಹೋದ ಮೇಲೆಯೂ ನಾಯಿ ಉಳಿಯಿತು. ರೈತರು ಇದನ್ನು ಹೊಲಮನೆಗಳ ಕಾವಲಿಗೆ ಸಾಕಿದರು, ಮರಿಗಳನ್ನು ಮಾರಿದರು. 2005ರಲ್ಲಿ ಭಾರತ ಸರಕಾರವು ಇದರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿತು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವು ತಳಿಯ ಸಂರಕ್ಷಣೆಗಾಗಿ ನೆಲೆಗೊಂಡಿತು. 2016ರಲ್ಲಿ ಈ ತಳಿಯ ಮರಿಗಳು ತರಬೇತಿಗಾಗಿ ಮೀರತ್ತಿನ ಸೇನಾಕೇಂದ್ರಕ್ಕೆ ಹೋದವು.

ಕೀರ್ತಿಯೊಡನೆ ಬೇಡಿಕೆಯೂ ಬೆಳೆಯಿತು. ಮೈದಾನದಲ್ಲಿ ಓಡಲೆಂದು ರೂಪುಗೊಂಡ ಜೀವವು ಪಟ್ಟಣದ ಇಕ್ಕಟ್ಟಾದ ಅಂಗಳದಲ್ಲಿ ಸರಪಳಿಗೆ ಬಿದ್ದರೆ ಅದನ್ನು ಪ್ರೀತಿಯೆನ್ನಬಹುದೇ? ಶರಣನು ತನ್ನ ಕಾಯಕವನ್ನು ತಾನೇ ಅರಿತು ಕೈಗೊಳ್ಳುತ್ತಾನೆ. ನಾಯಿಯು ತನ್ನದನ್ನು ಆರಿಸಿಕೊಂಡದ್ದಲ್ಲ. ಬೇಟೆಗೆ ತಕ್ಕ ಮೈಯನ್ನು ತಲೆಮಾರುಗಳ ಆಯ್ಕೆಯಿಂದ ರೂಪಿಸಿದವನು ಮನುಷ್ಯ. ಆ ಬೇಟೆಯನ್ನು ಧರ್ಮಬುದ್ಧಿಯಿಂದ ಬಿಡಿಸಿದವನೂ ಮನುಷ್ಯನೇ. ಬಿಡಿಸಿದ್ದು ಯುಕ್ತವೇ ಸರಿ. ಆದರೆ ಓಟದ ಹಂಬಲವು ಕಾಯಿದೆಯಿಂದ ಅಳಿಯುವುದಿಲ್ಲ. ಆ ಹಂಬಲಕ್ಕೆ ನಿರಪಾಯವಾದ ಎಡೆ ಮಾಡಿಕೊಡುವುದೇ ಒಡೆಯನ ಋಣ.

1960ರ ಪ್ರಾಣಿಹಿಂಸಾ ಪ್ರತಿಬಂಧಕ ಕಾಯಿದೆಯ 11ನೆಯ ಕಲಮು, ಸದಾ ಕಟ್ಟಿಹಾಕಿದ ನಾಯಿಗೆ ತಕ್ಕಷ್ಟು ಅಡ್ಡಾಟ ಕೊಡದ ಒಡೆಯನನ್ನು ಅಪರಾಧಿಯೆಂದೇ ಎಣಿಸುತ್ತದೆ. ಕಾಯಿದೆಯು ಹೊರಗಿನಿಂದ ವಿಧಿಸುವುದನ್ನು ಶರಣಧರ್ಮವು ಒಳಗಿನಿಂದ ಬೇಡುತ್ತದೆ. ತನ್ನದೆಂಬ ಹಮ್ಮು ಬಿಟ್ಟು ನೀಡುವುದು ದಾಸೋಹ. ಆ ಭಾವದಿಂದ ಸಾಕುವವನು ಅನ್ನ, ನೀರು, ಔಷಧಗಳಷ್ಟನ್ನೇ ಕೊಟ್ಟು ತೃಪ್ತನಾಗಲಾರ. ದಿನವೂ ಬಯಲಿನ ಓಟವನ್ನು ಕೊಟ್ಟಾನು, ಮುಪ್ಪಿನಲ್ಲಿ ಬೀದಿಪಾಲು ಮಾಡನು. ಇಷ್ಟು ತನ್ನಿಂದಾಗದೆಂದು ಅರಿತವನು ಮರಿಯನ್ನು ಮನೆಗೆ ತಾರದಿರುವುದೂ ದಯೆಯೇ ಆಗುತ್ತದೆ.