ವಾವ್ ಎಂಬ ಕೊಕ್ಕೆ

ಹೀಬ್ರೂ ಲಿಪಿಯ 22 ಅಕ್ಷರಗಳೂ ವ್ಯಂಜನಗಳೇ, ಸ್ವರಗಳನ್ನು ಓದುಗರೇ ಊಹಿಸಿಕೊಳ್ಳಬೇಕು ಎಂಬ ಮಾತು ಲಿಪಿಗಳ ಬಗೆಗಿನ ಬರಹಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಆರನೆಯ ಅಕ್ಷರವಾದ ವಾವ್ ಅನ್ನು ಹತ್ತಿರದಿಂದ ನೋಡಿದರೆ ಈ ಮಾತು ನಿಲ್ಲುವುದಿಲ್ಲ. ವಾವ್ ಎಂದರೆ ಕೊಕ್ಕೆ. ಬೈಬಲಿನ ವಿಮೋಚನಕಾಂಡದಲ್ಲಿ ಗುಡಾರದ ಕಂಬಗಳಿಗೆ ಪರದೆ ತೂಗುಹಾಕುವ ಕೊಕ್ಕೆಗಳಿಗೆ ಇರುವುದು ಇದೇ ಹೆಸರು. ಇಂದಿನ ಆಕಾರವೂ ಹಾಗೆಯೇ: ಒಂದು ನೆಟ್ಟಗೆರೆ, ಅದರ ತಲೆಯಲ್ಲಿ ಎಡಕ್ಕೆ ಚಾಚಿದ ಪುಟ್ಟ ತುದಿ. ಪದದ ಮೊದಲಿಗೆ ಅಂಟಿಕೊಂಡರೆ ‘ಮತ್ತು’ ಎಂಬ ಅರ್ಥ ಕೊಡುತ್ತದೆ, ಎಣಿಕೆಯಲ್ಲಿ 6 ಆಗುತ್ತದೆ. ಆದರೆ ಅದರ ನಿಜವಾದ ಸಾಧನೆ ಬೇರೆಯೇ ಇದೆ. ವ್ಯಂಜನವಾಗಿದ್ದುಕೊಂಡೇ ಅದು ಸ್ವರವನ್ನು ಬರೆಯಲು ಕಲಿತಿತು.

ಜೆರುಸಲೇಮಿನ ಸಿಲೋವಾಮ್ ಸುರಂಗದಲ್ಲಿ 1880ರಲ್ಲಿ ಸಿಕ್ಕ ಶಾಸನವನ್ನು ನೋಡಿ. ಹೆಚ್ಚಿನ ವಿದ್ವಾಂಸರ ಪ್ರಕಾರ ಅದು ಕ್ರಿ.ಪೂ. 8ನೆಯ ಶತಮಾನದ್ದು. ಎರಡು ಕಡೆಯಿಂದ ಬಂಡೆ ಕೊರೆಯುತ್ತ ಬಂದವರಿಗೆ ಒಬ್ಬರ ದನಿ ಇನ್ನೊಬ್ಬರಿಗೆ ಕೇಳಿಸಿತು ಎಂದು ಅದು ಹೇಳುತ್ತದೆ. ದನಿ ಎಂಬರ್ಥದ ‘ಕೋಲ್’ ಪದಕ್ಕೆ ಅಲ್ಲಿರುವುದು ಕ ಮತ್ತು ಲ ಎರಡೇ ಅಕ್ಷರ. ಇಂದು ಅದೇ ಪದದ ನಡುವೆ ವಾವ್ ನಿಂತು ಓಕಾರವನ್ನು ಸೂಚಿಸುತ್ತದೆ. 1947ರ ಹೊತ್ತಿಗೆ ಮೃತ ಸಮುದ್ರದ ಬಳಿಯ ಕುಮ್ರಾನ್ ಗುಹೆಯಲ್ಲಿ ದೊರೆತ ಯೆಶಾಯನ ಸುರುಳಿಯಲ್ಲಂತೂ ವಾವ್‌ನದೇ ದರ್ಬಾರು. ‘ಇಲ್ಲ’ ಎಂಬರ್ಥದ ‘ಲೋ’ ಪದವನ್ನು ಸಾಂಪ್ರದಾಯಿಕ ಪಾಠ ವಾವ್ ಇಲ್ಲದೆಯೇ ಬರೆದರೆ, ಈ ಲಿಪಿಕಾರ ಮತ್ತೆ ಮತ್ತೆ ವಾವ್ ಸೇರಿಸುತ್ತಾನೆ. ವಕಾರವೇ ಏಕೆ ಈ ಕೆಲಸಕ್ಕೆ ಬಂತು ಎಂಬುದು ಕನ್ನಡಿಗರಿಗೆ ಕಷ್ಟದ ಪ್ರಶ್ನೆಯಲ್ಲ. ‘ಗುರು’ವಿಗೆ ‘ಅನ್ನು’ ಸೇರಿದರೆ ನಡುವೆ ವಕಾರ ತಾನಾಗಿ ಬರುತ್ತದೆ; ಉ, ಒ ಮತ್ತು ವ ಮೂರಕ್ಕೂ ತುಟಿಯೇ ನೆಲೆ.

ಒಂದೇ ಗುರುತು ವ, ಓ, ಊ ಮೂರನ್ನೂ ಸೂಚಿಸಿದರೆ ಗೊಂದಲವಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಹೀಬ್ರೂ ಬಲ್ಲವರಿಗೂ ಅದು ತಿಳಿದಿತ್ತು. ತಿಬೇರಿಯದ ಪಂಡಿತರು ಮೇಲೊಂದು ಚುಕ್ಕೆ ಇಟ್ಟರೆ ಓ, ಮಗ್ಗುಲಲ್ಲಿ ಇಟ್ಟರೆ ಊ ಎಂದು ಗೊತ್ತುಪಡಿಸಿದರು. ಚುಕ್ಕೆಗಳಿಲ್ಲದ ಇಂದಿನ ಬರಹದಲ್ಲಿ ಪದದ ನಡುವಿನ ವಕಾರಕ್ಕೆ ಸಾಮಾನ್ಯವಾಗಿ ಎರಡು ವಾವ್ ಬರೆಯುತ್ತಾರೆ. ಇನ್ನೂ ಉಳಿಯುವ ಅನುಮಾನವನ್ನು ವಾಕ್ಯದ ಸಂದರ್ಭವೇ ಬಗೆಹರಿಸುತ್ತದೆ. ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು: ಸ್ವರಗಳಿಗೆ ಅಕ್ಷರ ಕೊಟ್ಟವರು ಗ್ರೀಕರಲ್ಲವೇ? ಪ್ರತಿಯೊಂದು ಸ್ವರವನ್ನೂ ತಪ್ಪದೆ ಬರೆಯುವ ಕಟ್ಟುನಿಟ್ಟಿನ ಪದ್ಧತಿ ಗ್ರೀಕರದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ವ್ಯಂಜನದ ಗುರುತನ್ನು ಸ್ವರಕ್ಕೂ ಬಳಸುವ ರೂಢಿ ಕ್ರಿ.ಪೂ. 9ನೆಯ ಶತಮಾನದ ಅರಾಮಿಕ್ ಶಾಸನಗಳಲ್ಲೇ ಕಾಣುತ್ತದೆ, ನಮಗೆ ಸಿಕ್ಕಿರುವ ಅತ್ಯಂತ ಹಳೆಯ ಗ್ರೀಕ್ ಬರಹಗಳು 8ನೆಯ ಶತಮಾನದವು. ಗ್ರೀಕರು ಇದನ್ನು ನೋಡಿಯೇ ಕಲಿತರು ಎಂದು ಸಾಧಿಸಲಾಗದು. ಮೊದಲು ಮಾಡಿದವರು ಅವರೇ ಎಂದೂ ಹೇಳಲಾಗದು. ಫಿನೀಷಿಯನ್ ವಾವ್‌ನಿಂದ ಗ್ರೀಕರು ದಿಗಮ್ಮ, ಉಪ್ಸಿಲಾನ್ ಎಂಬ ಎರಡು ಅಕ್ಷರ ಮಾಡಿಕೊಂಡರು. ಇಂಗ್ಲಿಷಿನ ಎಫ್, ಯು, ವಿ, ಡಬ್ಲ್ಯು, ವೈ ಐದೂ ಅವುಗಳ ಸಂತಾನ. ಹೀಬ್ರೂವಿನಲ್ಲಿ ಸ್ವರಗಳೇ ಬರೆಯಲ್ಪಡುವುದಿಲ್ಲ ಎನ್ನುವ ವಾಕ್ಯವನ್ನು ಲಿಪಿಚರಿತ್ರೆ ಬರೆಯುವವರು ಇನ್ನಾದರೂ ತಿದ್ದಬೇಕು.