ಹೆಸರುಗಳನ್ನು ಉಳಿಸಿದ ನಕ್ಷೆಗಾರ: ಟಿಮ್ ರಾಬಿನ್ಸನ್ ಮತ್ತು ಐರ್ಲೆಂಡಿನ ಪಶ್ಚಿಮ ಕರಾವಳಿ

ಐರ್ಲೆಂಡಿನ ಪಶ್ಚಿಮ ಕರಾವಳಿಯಲ್ಲಿ ಗಾಲ್ವೇ ಕೊಲ್ಲಿಯಿದೆ. ಕೊಲ್ಲಿಯ ಬಾಯಲ್ಲಿ ಅರಾನ್ ದ್ವೀಪಗಳು, ದಕ್ಷಿಣಕ್ಕೆ ಸುಣ್ಣಕಲ್ಲಿನ ಬರೆನ್ ಗುಡ್ಡಗಾಡು, ಉತ್ತರಕ್ಕೆ ಕನೆಮಾರಾ. ಈ ಮೂರು ಸೀಮೆಗಳನ್ನು ಕಾಲ್ನಡಿಗೆಯಲ್ಲಿ ಸುತ್ತಿ, ಊರವರನ್ನು ಕೇಳಿ ತಿಳಿದು, ಹೆಸರು ಹಾಗೂ ಟಿಪ್ಪಣಿಗಳೊಡನೆ ನಕ್ಷೆ ರಚಿಸಿದವರು ಟಿಮ್ ರಾಬಿನ್ಸನ್ (1935–2020). ಅವರು ಧಾರ್ಮಿಕ ನಂಬಿಕೆಯುಳ್ಳವರಾಗಿರಲಿಲ್ಲ. ಆದರೂ ಒಂದು ಕಥೋಲಿಕ ಜನತೆಯ ಶತಮಾನಗಳ ಭಕ್ತಿ ಮತ್ತು ದುಃಖ ಅವರ ನಕ್ಷೆಗಳಲ್ಲಿ ಉಳಿದಿವೆ. ಆ ಸಂಗ್ರಹವನ್ನು ನಮ್ಮ ಓದುಗರಿಗೆ ಇಲ್ಲಿ ಪರಿಚಯಿಸುತ್ತಿದ್ದೇವೆ.

ನಕ್ಷೆಗಾರನ ಬದುಕು

ಇಂಗ್ಲೆಂಡಿನಲ್ಲಿ ಹುಟ್ಟಿದ ರಾಬಿನ್ಸನ್ ಕೇಂಬ್ರಿಡ್ಜ್‌ನಲ್ಲಿ ಗಣಿತ ಕಲಿತರು. ಇಸ್ತಾಂಬುಲ್, ವಿಯೆನ್ನಾ, ಲಂಡನ್ ನಗರಗಳಲ್ಲಿ ಬಾಳಿದರು, ಚಿತ್ರಕಲಾವಿದರಾಗಿ ದುಡಿದರು. 1972ರಲ್ಲಿ ಪತ್ನಿ ಮರೇಡ್ ಜೊತೆ ಅರಾನ್ ದ್ವೀಪಕ್ಕೆ ಬಂದು ನೆಲೆಸಿದರು. ದ್ವೀಪದ ನಕ್ಷೆ ಬರೆಯಬಾರದೇಕೆ ಎಂದು ಅವರಿಗೆ ಮೊದಲು ಸೂಚಿಸಿದವರು ಅಲ್ಲಿನ ಅಂಚೆ ಕಚೇರಿಯ ಮಹಿಳೆ. ಅರಾನ್ ನಕ್ಷೆ 1975ರಲ್ಲಿ, ಬರೆನ್ ನಕ್ಷೆ 1977ರಲ್ಲಿ ಹೊರಬಂದವು. 1984ರಲ್ಲಿ ದಂಪತಿ ಕನೆಮಾರಾದ ರೌಂಡ್‌ಸ್ಟೋನ್ ಎಂಬ ಊರಿಗೆ ಬಂದು ‘ಫೋಲ್ಡಿಂಗ್ ಲ್ಯಾಂಡ್‌ಸ್ಕೇಪ್ಸ್’ ಪ್ರಕಾಶನ ತೆರೆದರು. ಕನೆಮಾರಾ ನಕ್ಷೆ, ಅದರ ಸ್ಥಳವಿವರಣೆಯ ಪುಸ್ತಕದೊಡನೆ, 1990ರಲ್ಲಿ ಪ್ರಕಟವಾಯಿತು. ಅರಾನ್ ಕುರಿತು ಎರಡು, ಕನೆಮಾರಾ ಕುರಿತು ಮೂರು ಸಂಪುಟಗಳನ್ನೂ ಅವರು ಬರೆದರು. 2020ರ ಮಾರ್ಚ್‌ನಲ್ಲಿ ಪತ್ನಿ ತೀರಿಕೊಂಡರು. ಎರಡು ವಾರಗಳ ಬಳಿಕ, ಏಪ್ರಿಲ್ 3ರಂದು, ಲಂಡನಿನಲ್ಲಿ ಕೊರೋನಾ ಸೋಂಕಿನಿಂದ ರಾಬಿನ್ಸನ್ ನಿಧನರಾದರು. ಅವರ ಟಿಪ್ಪಣಿ ಹಾಗೂ ಕಾಗದಪತ್ರಗಳ ಸಂಗ್ರಹ ಗಾಲ್ವೇ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದೆ.

ಹಳೆಯ ನಕ್ಷೆಯಲ್ಲಿ ಕಳೆದದ್ದು

ಬ್ರಿಟಿಷ್ ಸರಕಾರ 1824ರಲ್ಲಿ ಐರ್ಲೆಂಡಿನ ಭೂಮಾಪನ ಆರಂಭಿಸಿತು. ಭೂಕಂದಾಯ ನಿಗದಿ ಅದರ ಮುಖ್ಯ ಉದ್ದೇಶ, ಕೆಲಸ ಸೇನೆಯದು. ಮೈಲಿಗೆ ಆರು ಅಂಗುಲದ ಆ ನಕ್ಷೆಗಳು ಅಳತೆಯಲ್ಲಿ ಬಹಳ ನಿಖರ. ಹೆಸರುಗಳ ವಿಷಯ ಹಾಗಲ್ಲ. ಜಾನ್ ಓಡೊನೊವನ್ ಅವರಂಥ ವಿದ್ವಾಂಸರು ಊರೂರು ಸುತ್ತಿ ಐರಿಷ್ ಮೂಲರೂಪಗಳನ್ನು ಬರೆದಿಟ್ಟಿದ್ದರೂ, ಅಚ್ಚಾದ ಹಾಳೆಯಲ್ಲಿ ನಿಂತದ್ದು ಇಂಗ್ಲಿಷ್ ಕಿವಿಗೆ ಕೇಳಿಸಿದ ರೂಪ.

ರಾಬಿನ್ಸನ್ ನೆಲೆಸಿದ ಊರೇ ಇದಕ್ಕೆ ಉದಾಹರಣೆ. ಐರಿಷ್‌ನಲ್ಲಿ ಅದು ‘ಕ್ಲೋಖ್ ನ ರೋನ್’, ಅಂದರೆ ಸೀಲ್ ಪ್ರಾಣಿಗಳ ಬಂಡೆ. ‘ರೋನ್’ ಎಂಬುದು ‘ರೌಂಡ್’ ಆಗಿ, ಊರು ‘ದುಂಡುಕಲ್ಲು’ ಎನಿಸಿಕೊಂಡಿತು. ಹೆಸರಿನಿಂದ ಸೀಲುಗಳು ಮಾಯವಾದವು. ಅನೇಕ ಐರಿಷ್ ಊರುಗಳ ಹೆಸರಿನ ಮೊದಲಿಗೆ ಬರುವ ‘ಕಿಲ್’ ಇಂಗ್ಲಿಷ್ ಬಲ್ಲವರಿಗೆ ಕೊಲ್ಲು ಎಂದು ಕೇಳಿಸೀತು. ಹೆಚ್ಚಿನ ಕಡೆ ಅದು ‘ಕಿಲ್ಯ್’, ಅಂದರೆ ಚರ್ಚ್. ಅರಾನಿನ ಕಿಲ್ಲೀನಿ ಎಂದರೆ ಸಂತ ಎಂಡಾರ ಚರ್ಚ್. ಐದನೇ ಶತಮಾನದ ಕೊನೆಗೆ ಅವರು ಆ ದ್ವೀಪದಲ್ಲಿ ಮಠ ಸ್ಥಾಪಿಸಿದರೆಂಬುದು ಪರಂಪರೆ.

ರಾಬಿನ್ಸನ್ ಐರಿಷ್ ಕಲಿತರು. ಹಳೆಯ ಆರು ಅಂಗುಲದ ಹಾಳೆಗಳನ್ನು ಹಿಡಿದು ಬೇಲಿ ಬೇಲಿ ದಾಟಿದರು. ಬಂಡೆ, ಕೊರಕಲು, ಗದ್ದೆಯ ಮೂಲೆ ಎಲ್ಲದರ ಹೆಸರನ್ನೂ ರೈತರಿಂದ, ಮೀನುಗಾರರಿಂದ ಕೇಳಿ ಬರೆದುಕೊಂಡರು.

ಸಂತರು ಮತ್ತು ತೀರ್ಥಬಾವಿಗಳು

ಈ ಸೀಮೆಯಲ್ಲಿ ಪಾಳುಬಿದ್ದ ಪ್ರಾರ್ಥನಾಲಯಗಳೂ ಪವಿತ್ರ ಬಾವಿಗಳೂ ಹಲವು. ಅರಾನಿನ ‘ನಾಲ್ವರು ಸುಂದರ ಸಂತರ ಚರ್ಚ್’ ಬಳಿ ಒಂದು ಬಾವಿಯಿದೆ. ಅದರ ನೀರಿನಿಂದ ಕುರುಡರಿಗೆ ದೃಷ್ಟಿ ಬಂದ ಕಥೆಯನ್ನು ದ್ವೀಪದಲ್ಲಿ ಕೇಳಿಯೇ ನಾಟಕಕಾರ ಜೆ. ಎಂ. ಸಿಂಗ್ 1905ರ ‘ದಿ ವೆಲ್ ಆಫ್ ದಿ ಸೇಂಟ್ಸ್’ ರಚಿಸಿದರು. ಕನೆಮಾರಾದ ಮೀನುಗಾರರ ಪಾಲಕ ಸಂತ ಮಕ್ ದಾರಾ. ಅವರ ಪುಟ್ಟ ದ್ವೀಪದ ಮುಂದೆ ಹಾದುಹೋಗುವ ದೋಣಿಗಳು ಗೌರವಾರ್ಥ ಮೂರು ಬಾರಿ ಹಾಯಿ ತಗ್ಗಿಸುವುದು ರೂಢಿ. ಜುಲೈ 16ರ ಹಬ್ಬದಂದು ಜನ ದೋಣಿಗಳಲ್ಲಿ ಹೋಗಿ ಅಲ್ಲಿ ಬಲಿಪೂಜೆಯಲ್ಲಿ ಭಾಗವಹಿಸುತ್ತಾರೆ. ನಮ್ಮ ಕರಾವಳಿಯಲ್ಲಿ ಅದೇ ದಿನ ಕಾರ್ಮೆಲ್ ಮಾತೆಯ ಹಬ್ಬ.

ಮಕ್ಕಳ ಸಮಾಧಿಗಳು

ರಾಬಿನ್ಸನ್ ದಾಖಲಿಸಿದ ಸ್ಥಳಗಳಲ್ಲಿ ಓದುಗರ ಮನಸ್ಸನ್ನು ಹೆಚ್ಚು ತಟ್ಟುವುದು ‘ಕಿಲ್ಲೀನ್’ಗಳು. ಜ್ಞಾನಸ್ನಾನ ಪಡೆಯುವ ಮುನ್ನ ಸತ್ತ ಶಿಶುಗಳಿಗೆ ಆಶೀರ್ವದಿತ ಭೂಮಿಯಲ್ಲಿ ಜಾಗವಿಲ್ಲದ ಕಾಲವೊಂದಿತ್ತು. ಮನೆಯವರು, ಹಲವು ಬಾರಿ ರಾತ್ರಿ ಹೊತ್ತಿನಲ್ಲಿ, ಹಾಳುಚರ್ಚಿನ ಬದಿಯಲ್ಲೋ ಊರಗಡಿಯಲ್ಲೋ ಕಡಲ ದಂಡೆಯಲ್ಲೋ ಮಗುವನ್ನು ಹೂಳುತ್ತಿದ್ದರು. ಗುರುತಿಗೆ ಹೆಸರಿಲ್ಲದ ಒಂದು ಕಲ್ಲು. ಆ ಜಾಗ ಗೊತ್ತಿದ್ದದ್ದು ನೆರೆಕರೆಯವರಿಗೆ ಮಾತ್ರ. ಅವರು ತೀರಿಹೋದರೆ ಅದು ಬರೀ ಕಲ್ಲುಗುಡ್ಡೆ. ರಾಬಿನ್ಸನ್ ಕೇಳಿ ತಿಳಿದು ಇವುಗಳನ್ನು ನಕ್ಷೆಯಲ್ಲಿ ಗುರುತಿಸಿದರು.

ಧರ್ಮಸಭೆಯ ರೀತಿಯೂ ಬದಲಾಗಿದೆ. ಜ್ಞಾನಸ್ನಾನಕ್ಕೆ ಮುನ್ನ ಸತ್ತ ಶಿಶುವಿಗಾಗಿ 1969ರ ಅಂತ್ಯಕ್ರಿಯಾ ವಿಧಿಯಲ್ಲಿ ಪ್ರಾರ್ಥನೆಗಳಿವೆ. ತಂದೆತಾಯಿ ಜ್ಞಾನಸ್ನಾನ ಕೊಡಿಸಲು ಬಯಸಿದ್ದಲ್ಲಿ ಅಂಥ ಶಿಶುವಿಗೆ ಧರ್ಮಸಭೆಯ ಅಂತ್ಯಕ್ರಿಯೆ ನಡೆಸಲು ಧರ್ಮಾಧ್ಯಕ್ಷರು ಅನುಮತಿಸಬಹುದೆಂದು 1983ರ ಕಾನೂನು ಸಂಹಿತೆ ಹೇಳುತ್ತದೆ. ಈ ಶಿಶುಗಳ ರಕ್ಷಣೆಯ ಬಗ್ಗೆ ಭರವಸೆಗೆ ಗಂಭೀರ ಆಧಾರಗಳಿವೆ ಎಂದು ಅಂತರರಾಷ್ಟ್ರೀಯ ದೈವಶಾಸ್ತ್ರ ಆಯೋಗ 2007ರಲ್ಲಿ ಸ್ಪಷ್ಟಪಡಿಸಿತು. ಆದರೆ ಸಮಾಧಿಯ ಬಳಿ ಹೋಗಿ ಪ್ರಾರ್ಥಿಸಬೇಕಾದರೆ ಅದು ಎಲ್ಲಿದೆ ಎಂದು ತಿಳಿದಿರಬೇಕು. ನಕ್ಷೆಯ ಉಪಕಾರ ಇಲ್ಲಿದೆ.

ನಮ್ಮ ಊರುಗಳಲ್ಲಿ

ನಮ್ಮ ಕರಾವಳಿಯ ಹೆಸರುಗಳಿಗೂ ಇಂಥ ಕಥೆಗಳಿವೆ. ಮಲ್ಪೆಯ ಎದುರಿನ ಸೇಂಟ್ ಮೇರಿಸ್ ದ್ವೀಪಕ್ಕೆ ಊರವರ ಬಾಯಲ್ಲಿ ತೋನ್ಸೆಪಾರ್ ಎಂಬ ಹೆಸರಿದೆ. ಪದವಿನಂಗಡಿ ಎಂಬಲ್ಲಿ ಈಗ ಕಟ್ಟಡಗಳೇ ಕಂಡರೂ, ಅದು ಪದವಿನ ಮೇಲಿನ ಅಂಗಡಿ ಎಂದು ಹೆಸರು ನೆನಪಿಸುತ್ತದೆ. ಪ್ರತಿ ಧರ್ಮಕೇಂದ್ರದ ವಾಳೆಗಳಲ್ಲೂ ಬೈಲು, ಕುದ್ರು, ಕಟ್ಟಪುಣಿ, ಹಳೆಯ ಶಿಲುಬೆಕಟ್ಟೆಗಳ ಹೆಸರು ಬಲ್ಲ ಹಿರಿಯರಿದ್ದಾರೆ. ಗುರ್ಕಾರರೂ ಯುವಜನರೂ ಕೂಡಿ ಒಂದು ದೊಡ್ಡ ಹಾಳೆಯಲ್ಲಿ ವಾಳೆಯ ನಕ್ಷೆ ಬರೆದು, ಹಿರಿಯರು ಹೇಳಿದ ಹೆಸರನ್ನು ಅವರು ಉಚ್ಚರಿಸಿದಂತೆಯೇ ನಮೂದಿಸಿ ಧರ್ಮಕೇಂದ್ರದ ಕಚೇರಿಯಲ್ಲಿ ಇಡಬಹುದು. ಇದಕ್ಕೆ ದೊಡ್ಡ ಖರ್ಚಿಲ್ಲ. ಹಿರಿಯರು ನಮ್ಮೊಡನೆ ಇರುವಾಗಲೇ ಈ ಕೆಲಸ ಆಗಬೇಕೆಂದು ನಾವು ವಿನಂತಿಸುತ್ತೇವೆ.