ಫೇರಿಂಗ್: ಕೊನೆಗೆ ನೆನಪಾಗುವ ಭಾಗ

ವಿಮಾನದ ಡ್ರ್ಯಾಗ್, ಅಂದರೆ ಗಾಳಿ ಹಿಂದಕ್ಕೆಳೆಯುವ ಬಲ, ತಗ್ಗಿಸುವ ಮಾತು ಬಂದರೆ ಈಗ ಒಂದೇ ಉತ್ತರ: ಆಕಾರವನ್ನು ಕಂಪ್ಯೂಟರಿಗೆ ಕೊಡಿ, ಅದು ತಿದ್ದಿ ಕೊಡುತ್ತದೆ. ರೆಕ್ಕೆಯ ಮಟ್ಟಿಗೆ ಇದು ಬಹುಪಾಲು ನಿಜ. ಫೇರಿಂಗಿನ ಮಟ್ಟಿಗೆ ಅರ್ಧ ನಿಜ. ಉಳಿದರ್ಧ ಇರುವುದು ಶಾಪ್ ಫ್ಲೋರಿನಲ್ಲಿ. ರೆಕ್ಕೆ ಒಡಲನ್ನು ಸೇರುವ ಮೂಲೆ, ಚಕ್ರದ ಕಾಲು, ಫ್ಲ್ಯಾಪಿನ ಹಳಿ, ಆಂಟೆನಾದ ಬುಡ ಇವುಗಳ ಮೇಲೆ ಗಾಳಿ ತಡವರಿಸದೆ ಹರಿಯಲೆಂದು ತೊಡಿಸುವ ಹೊದಿಕೆಯೇ ಫೇರಿಂಗ್. ರೆಕ್ಕೆಯಂತೆ ಭಾರ ಹೊರುವ ಕೆಲಸ ಅದಕ್ಕಿಲ್ಲ. ಹಾಗಾಗಿ ವಿನ್ಯಾಸದಲ್ಲಿ ಕೊನೆಗೆ ನೆನಪಾಗುತ್ತದೆ, ಜೋಡಣೆಯಲ್ಲೂ ಕೊನೆಗೆ ಕೂರುತ್ತದೆ. ಮೊದಲು ಕೂತ ಭಾಗಗಳ ಅಳತೆಯ ಹೆಚ್ಚುಕಡಿಮೆಯನ್ನೆಲ್ಲ ಅದೇ ನುಂಗಿಕೊಳ್ಳಬೇಕು.

ಆರಂಭದ ಕಥೆಯನ್ನು ಬೇಗ ಹೇಳಿ ಮುಗಿಸಬಹುದು. ತಂತಿ, ಕಂಬಗಳ ವಿಮಾನಗಳ ನಡುವೆ 1912ರಲ್ಲಿ ನುಣುಪು ಒಡಲಿನ ಫ್ರೆಂಚ್ ಡಿಪರ್ಡುಸಾನ್ ಬಂತು. ಮರುವರ್ಷವೇ ಗಂಟೆಗೆ 200 ಕಿ.ಮೀ. ದಾಟಿತು. 1928ರಲ್ಲಿ ಅಮೆರಿಕದ ಲ್ಯಾಂಗ್ಲಿ ಪ್ರಯೋಗಾಲಯದ ಫ್ರೆಡ್ ವೀಕ್ ತಂಡ ಎಂಜಿನ್ನಿಗೆ ಹೊದಿಸುವ ಕೌಲಿಂಗ್ ರೂಪಿಸಿತು. 1929ರಲ್ಲಿ ಕೇಂಬ್ರಿಜ್‌ನ ಮೆಲ್ವಿಲ್ ಜೋನ್ಸ್, ಅಂದಿನ ವಿಮಾನಗಳು ತಮ್ಮ ಶಕ್ತಿಯ ಎಷ್ಟು ದೊಡ್ಡ ಪಾಲನ್ನು ಸುಳಿಗಳಿಗೆ ಸುರಿಯುತ್ತಿವೆ ಎಂದು ಲೆಕ್ಕ ಹಾಕಿ ತೋರಿಸಿದರು. ಕೆಳರೆಕ್ಕೆಯ ವಿಮಾನಗಳಲ್ಲಿ ರೆಕ್ಕೆಯ ಬುಡದಲ್ಲಿ ಹರಿವು ಕಳಚಿಕೊಳ್ಳುತ್ತಿತ್ತು. ಆ ಮೂಲೆಯನ್ನು ತುಂಬಿ ಹಿಂಬದಿಗೆ ಹಿಗ್ಗುತ್ತ ಹೋಗುವ ಫಿಲೆಟ್ ಅದಕ್ಕೆ ಮದ್ದೆಂದು ಕ್ಯಾಲ್ಟೆಕ್‌ನ ಗಾಳಿ ಸುರಂಗ ಹೇಳಿತು. 1933ರ ಡಗ್ಲಸ್ ಡಿಸಿ-1 ಅದರ ಫಲ ಉಂಡಿತು. 1938ರಲ್ಲಿ ಲ್ಯಾಂಗ್ಲಿಯವರು ಬ್ರೂಸ್ಟರ್ ಬಫೆಲೋ ವಿಮಾನದ ಸಣ್ಣಪುಟ್ಟ ಉಬ್ಬು, ಸಂದುಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಅವನ್ನು ಸರಿಪಡಿಸಿದ್ದರಿಂದಲೇ ವೇಗ ಗಂಟೆಗೆ ಸುಮಾರು 50 ಕಿ.ಮೀ. ಏರಿತು.

ಆದರೆ ಈ ಕ್ಷೇತ್ರದ ನಿಜವಾದ ಪಾಠ ಬಂದದ್ದು ಬಟಾಣಿ ಬೇಳೆಯಿಂದ. ಸ್ಪಿಟ್‌ಫೈರ್ ವಿಮಾನಕ್ಕೆ ಎಲ್ಲೆಡೆ ಮೈಮಟ್ಟದ ರಿವೆಟ್ ಹೊಡೆಯುವುದು ದುಬಾರಿ, ನಿಧಾನದ ಕೆಲಸ. ಎಲ್ಲಿ ಅದು ಬೇಕೇಬೇಕು ಎಂದು ತಿಳಿಯಲು ಸೂಪರ್‌ಮರೀನ್ ಎಂಜಿನಿಯರುಗಳು ರಿವೆಟ್‌ಗಳ ಮೇಲೆಲ್ಲ ಒಡೆದ ಬಟಾಣಿ ಅಂಟಿಸಿ ಹಾರಿಸಿದರು. ವೇಗ ಗಂಟೆಗೆ 22 ಮೈಲಿ ಇಳಿಯಿತು. ಮುಂದೆ ಸಾಲುಸಾಲಾಗಿ ಬಟಾಣಿ ಕಿತ್ತು ಮತ್ತೆ ಮತ್ತೆ ಹಾರಿಸಿ, ಎಲ್ಲಿ ಗುಂಡುತಲೆಯ ರಿವೆಟ್ ಸಾಕು ಎಂದು ತೀರ್ಮಾನಿಸಿದರು. ಡ್ರ್ಯಾಗ್ ಮತ್ತು ಜೋಡಣೆಯನ್ನು ಒಂದೇ ಪ್ರಶ್ನೆಯಾಗಿ ಕೇಳಿದ ಇಷ್ಟು ಅಗ್ಗದ, ಇಷ್ಟು ಜಾಣ ಪ್ರಯೋಗ ಆಮೇಲೆ ಅಪರೂಪ. ಶಬ್ದವೇಗದ ಆಸುಪಾಸಿನ ಹಾರಾಟ ಬಂದ ಮೇಲೆ ವಿಟ್‌ಕೂಂಬ್, ಕ್ಯುಷೆಮಾನ್ ಎಂಬ ಏರೋಡೈನಮಿಕ್ಸ್ ತಜ್ಞರ ಸಿದ್ಧಾಂತಗಳು ಎಲ್ಲರ ಗಮನ ಸೆಳೆದವು. ಬಟಾಣಿಯ ಪಾಠ ಮೂಲೆಗೆ ಬಿತ್ತು.

ಅದು ಮರಳಿದ್ದು ಎರಡು ದಾರಿಯಿಂದ. ಒಂದು, ನಾರು ಮತ್ತು ರಾಳ ಸೇರಿದ ಕಾಂಪೊಸಿಟ್. ಸ್ಟುಟ್‌ಗಾರ್ಟ್‌ನಲ್ಲಿ 1957ರಲ್ಲಿ ಹಾರಿದ ಫೀನಿಕ್ಸ್ ಗ್ಲೈಡರ್ ನಾರುಗಾಜಿನದು. ಅಚ್ಚಿನಲ್ಲೇ ತಿರುವು ಮೂಡಿಸಬಹುದಾದರೆ ಬೇರೆ ಫೇರಿಂಗ್ ಏಕೆ ಎಂಬ ಪ್ರಶ್ನೆ ಆಗ ಎದ್ದಿತು. ಇನ್ನೊಂದು, ಅಮೆರಿಕದಲ್ಲಿ ಬೂತ್‌ರಾಯ್ಡ್, ಡ್ಯೂಹರ್ಸ್ಟ್ ಬೆಳೆಸಿದ ಜೋಡಣಾ ವಿಶ್ಲೇಷಣೆ. ಪ್ರತಿ ಭಾಗಕ್ಕೂ ಮೂರು ಪ್ರಶ್ನೆ: ಪಕ್ಕದ್ದಕ್ಕೆ ಹೋಲಿಸಿದರೆ ಇದು ಚಲಿಸಬೇಕೇ? ಬೇರೆ ವಸ್ತುವಿನದೇ ಆಗಬೇಕೇ? ಜೋಡಿಸಲು, ಬಿಚ್ಚಲು ಪ್ರತ್ಯೇಕವಾಗಿರಲೇಬೇಕೇ? ಮೂರಕ್ಕೂ ಇಲ್ಲವೆಂದರೆ ಪಕ್ಕದ ಭಾಗದೊಡನೆ ಒಂದು ಮಾಡಿ.

ಬೆಂಗಳೂರಿನಲ್ಲಿ ವಿಮಾನ ಕಟ್ಟುವ ನಮ್ಮ ತಲೆಮಾರು ಬೆಳೆದದ್ದು ಈ ಎರಡರ ನಡುವೆ. ಅದಕ್ಕೆ ಮೊದಲಿನ ತಗಡಿನ ಫೇರಿಂಗನ್ನು ತಟ್ಟಿ, ಅರದಿಂದ ಉಜ್ಜಿ, ಸಂದು ತುಂಬುವ ತೆಳು ಶಿಮ್ ಇಟ್ಟು ಕೂರಿಸಬೇಕಿತ್ತು. ಒಂದು ವಿಮಾನದ್ದು ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. 1993ರಲ್ಲಿ ಹಾರಿದ, ಬೆಂಗಳೂರಿನ ವೈಮಾನಿಕ ಪ್ರಯೋಗಾಲಯ ಎನ್‌ಎಎಲ್‌ನ ಹಂಸ ಕಾಂಪೊಸಿಟ್ ವಿಮಾನ. ಯುದ್ಧವಿಮಾನ ತೇಜಸ್‌ನ ಲಂಬ ಬಾಲವನ್ನು ಅಲ್ಲಿಯೇ ಒಳ ಆಧಾರಗಳ ಸಮೇತ ಒಟ್ಟಿಗೆ ಬೇಯಿಸಿದರು. ಲೋಹದ್ದಾಗಿದ್ದರೆ ತೇಜಸ್‌ಗೆ ಬೇಕಾಗುತ್ತಿದ್ದ ಭಾಗಗಳಲ್ಲಿ ಸುಮಾರು 40% ಕಡಿಮೆಯಾಯಿತು ಎಂಬುದು ರೂಪಿಸಿದವರ ಲೆಕ್ಕ. ಇದನ್ನು ತೂಕದ ಸಾಧನೆಯೆಂದೇ ಹೊಗಳುತ್ತಾರೆ. ಕಡಿಮೆಯಾದ ಸಂದುಗಳನ್ನು ಎಣಿಸುವವರು ಕಡಿಮೆ.

ಒಳ್ಳೆಯ ಫೇರಿಂಗಿನ ಸೂತ್ರಗಳು ಸರಳ. ಒಂದು ಅಂಚು ತುಟಿಯೊಳಗೆ ಜಾರಿ ಕೂರಲಿ, ಇನ್ನೊಂದಕ್ಕೆ ಮಾತ್ರ ಸ್ಕ್ರೂ. ಜಾಗ ಹಿಡಿಯಲು ಒಂದು ದುಂಡು ತೂತು, ಒಂದು ಉದ್ದ ತೂತು ಸಾಕು. ಉಳಿದವು ಸಡಿಲವಾಗಿದ್ದು ಆಂಕರ್ ನಟ್‌ಗಳು ಸ್ವಲ್ಪ ಸರಿದಾಡಲಿ. ಮಂಗಳೂರು ಹೆಂಚಿನಂತೆ ಮುಂದಿನ ಫಲಕ ಹಿಂದಿನದರ ಮೇಲೆ ಹಾಯಲಿ, ಏಕೆಂದರೆ ಗಾಳಿಗೆ ಎದುರಾದ ಚೂಪಂಚಿನ ಮೆಟ್ಟಿಲು ಅಷ್ಟೇ ಎತ್ತರದ ಹಿಮ್ಮುಖ ಮೆಟ್ಟಿಲಿಗಿಂತ ಹೆಚ್ಚು ಎಳೆಯುತ್ತದೆ. ಮೂಗಿನ ಬಳಿ ಗಾಳಿಯ ಗಡಿಪದರ ತೆಳು, ಬಾಲದ ಬಳಿ ದಪ್ಪ. ಆದ್ದರಿಂದ ಬಿಗಿ ಟಾಲರೆನ್ಸ್ ಮುಂಭಾಗಕ್ಕಿರಲಿ, ಹಿಂದೆ ಸಡಿಲ ಬಿಡಿ. ದಿನವೂ ನೋಡಬೇಕಾದ ಕಡೆ ಕಾಲುಸುತ್ತಿನ ಫಾಸ್ಟನರ್ ಇರುವ ಪುಟ್ಟ ಬಾಗಿಲಿಡಿ. ಅದಕ್ಕಾಗಿ ಇಡೀ ಹೊದಿಕೆ ಕಳಚುವಂತಾಗಬಾರದು. ಎಲ್ಲವನ್ನೂ ಒಂದೇ ಅಚ್ಚಿಗೆ ಸುರಿಯುವ ಇಂದಿನ ಉತ್ಸಾಹಿಗಳು ಬೂತ್‌ರಾಯ್ಡರ ಮೂರನೆಯ ಪ್ರಶ್ನೆಯನ್ನು ಮರೆತಂತಿದೆ.

ಕಂಪ್ಯೂಟರ್ ಲೆಕ್ಕದಲ್ಲಾಗಲಿ ಸುರಂಗದ ಮಾದರಿಯಲ್ಲಾಗಲಿ ಫೇರಿಂಗ್ ಸಾಮಾನ್ಯವಾಗಿ ಸಂದಿಲ್ಲದ, ಸ್ಕ್ರೂ ಇಲ್ಲದ ನುಣುಪು ಮೈ. ಹಾರುವುದು ಅದಲ್ಲ, ಹತ್ತಾರು ಸಲ ಬಿಚ್ಚಿ ಹಾಕಿದ, ತೂತು ಸವೆದ, ಸೀಲ್ ಗಟ್ಟಿಯಾದ ಫಲಕ. ಒಳಗಿನ ಗಾಳಿ ಸಂದಿನಿಂದ ಸೋರಿದರೆ ಅದೂ ಡ್ರ್ಯಾಗೇ. ಐಐಎಸ್‌ಸಿಯ 14 ಅಡಿ ಅಗಲ, 9 ಅಡಿ ಎತ್ತರದ ಗಾಳಿ ಸುರಂಗವಿರುವ ಬೆಂಗಳೂರಿನಲ್ಲಿ ಸೇವೆಯಿಂದ ಇಳಿಸಿದ ಹಳೆಯ ಫೇರಿಂಗನ್ನು ಇದ್ದಂತೆಯೇ ಇಟ್ಟು ಅಳೆಯುವುದು ದೊಡ್ಡ ಖರ್ಚಿನ ಸಂಶೋಧನೆಯೇನಲ್ಲ. ಡ್ರಾಯಿಂಗಿಗೆ ಏರೋಡೈನಮಿಕ್ಸ್ ವಿಭಾಗದ ಸಹಿ ಬೀಳುತ್ತದೆ, ಸ್ಟ್ರಕ್ಚರ್ ವಿಭಾಗದ್ದೂ ಬೀಳುತ್ತದೆ. ಕೂರಿಸುವ ಫಿಟ್ಟರ್ ಮತ್ತು ಬಿಚ್ಚುವ ಮೆಕ್ಯಾನಿಕ್ ಅದನ್ನು ನೋಡುವ ಹೊತ್ತಿಗೆ ಅಚ್ಚು ಸಿದ್ಧವಾಗಿರುತ್ತದೆ. ಈ ಕ್ರಮ ಬದಲಿಸಲು ಹೊಸ ಸಾಫ್ಟ್‌ವೇರ್ ಬೇಕಿಲ್ಲ. ಅಚ್ಚಿಗೆ ಮೊದಲು ಅವರಿಬ್ಬರನ್ನೂ ಮೇಜಿಗೆ ಕರೆದರೆ ಸಾಕು.